ನೀರ ಮೇಲೆ ಮಸಿ

ಏಪೆಕ್ಸ್
14 ಮಾರ್ಚ್ 2022

ಚಿ. ಅಕ್ಷಯಾಳಿಗೆ ಆಶೀರ್ವಾದಗಳು.

‘ಚಿ.’ ಆದಮೇಲೆ ‘ಸೌ.’ ಬರೆಯಬೇಕೋ ಬಿಡಬೇಕೋ ತಿಳಿಯದೆ ಒಂದು ಹಾಳೆ ಹರಿದು ಹಾಕಿದೆ. ಇದು ಎರಡನೆಯದು. ನಿನ್ನ ವಿಳಾಸ ಕೊಟ್ಟವಳು ಎದುರು ಮನೆಯ ಪ್ರತಿಭಾ. ಅವಳ ಮೇಲೆ ಸಿಟ್ಟಾಗಬೇಡ, ನಾನೇ ಗಂಟುಬಿದ್ದು ತೆಗೆದುಕೊಂಡೆ. ನಮ್ಮ ಮನೆಯ ನಂಬರುಗಳನ್ನೆಲ್ಲ ನೀನು ಬ್ಲಾಕ್ ಮಾಡಿದ್ದೀಯೆಂದು ಗೊತ್ತು. ಅತ್ತೆಯಾದ ನನ್ನ ನಂಬರೂ ಅದರಲ್ಲಿ ಸೇರಿದೆ. ಅದಕ್ಕೇ ಕಾಗದ.

ವಿಷಯ ಇಷ್ಟೇ. ಗರಾಜ್ ಖಾಲಿ ಮಾಡಬೇಕೆಂದು ಮಗ ಕಲ್ಮೇಶ ಹೇಳಿದ. ಮೂಲೆಯಲ್ಲಿ ನಿನ್ನದೊಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಅಗಲವಾದ ಒಂದು ತಟ್ಟೆ, ಆರು ಪುಟ್ಟ ಮಸಿ ಶೀಶೆ, ನಾಲ್ಕು ಕುಂಚ, ತೆಳ್ಳನೆಯ ಬಿಳಿ ಹಾಳೆಗಳ ಕಟ್ಟು. ಕಟ್ಟಿನ ಮೇಲೆ ನೀನು ಮಾಡಿಟ್ಟ ಒಂದು ಚಿತ್ರ. ಒಂದರೊಳಗೊಂದು ಕಪ್ಪು ಬಳೆಗಳು. ಒಂದೂ ದುಂಡಗಿಲ್ಲ, ಆದರೂ ಒಂದು ಇನ್ನೊಂದಕ್ಕೆ ತಾಗಿಲ್ಲ. ಈ ಪರದೇಶಕ್ಕೆ ಮಗನ ಬಳಿ ಬರುವ ಮೊದಲು ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದವಳು ನಾನು. ಇದು ಕೈಯಿಂದ ಬರೆದದ್ದಲ್ಲ ಎಂದು ನೋಡಿದ ಕೂಡಲೇ ತಿಳಿಯಿತು. ನಮ್ಮ ಶಾಲೆಯಲ್ಲಿ ಆಯಿಲ್ ಪೇಂಟಿಗೆ ಸೀಮೆಎಣ್ಣೆ ಬೆರೆಸಿ ನೀರಿನ ಮೇಲೆ ಬಿಟ್ಟು, ಪುಸ್ತಕದ ಹೊದಿಕೆಗೆ ಹಾಳೆ ಮಾಡಿಸುತ್ತಿದ್ದೆ. ಇದು ಅದೂ ಅಲ್ಲ. ವಾಸನೆಯೇ ಇಲ್ಲ.

ಪೆಟ್ಟಿಗೆ ಕಳಿಸಿಕೊಡಲೇ? ಅಥವಾ ನಾನು ಇಟ್ಟುಕೊಳ್ಳಬಹುದೇ? ಇಟ್ಟುಕೊಂಡರೆ, ಮಾಡುವುದು ಹೇಗೆಂದು ಎರಡು ಸಾಲು ಬರೆ.

ಶಿವಕ್ಕ

*

ಆಶ್‌ಬರ್ನ್
2 ಏಪ್ರಿಲ್ 2022

ಶ್ರೀಮತಿ ಶಿವಕ್ಕ ಅವರಿಗೆ,

ಪೆಟ್ಟಿಗೆ ನೀವೇ ಇಟ್ಟುಕೊಳ್ಳಿ. ನನಗೆ ಬೇಡ.

ಅದರ ಹೆಸರು ಸುಮಿನಾಗಾಶಿ. ಜಪಾನಿನವರದು. ತೇಲುವ ಮಸಿ ಎಂದು ಅರ್ಥ. ಲಾಕ್‌ಡೌನ್ ಸಮಯದಲ್ಲಿ ಆನ್‌ಲೈನ್ ಕ್ಲಾಸ್ ಸೇರಿ ಕಲಿತಿದ್ದೆ.

ತಟ್ಟೆಗೆ ಎರಡಿಂಚು ನೀರು ಹಾಕಿ, ಅಲುಗಾಟ ನಿಲ್ಲುವವರೆಗೆ ಕಾಯಿರಿ. ನ್ಯೂಸ್‌ಪೇಪರಿನ ಪಟ್ಟಿಯಿಂದ ಮೇಲಿನ ಧೂಳು ಎಳೆದು ತೆಗೆಯಿರಿ. ಒಂದು ಕುಂಚಕ್ಕೆ ಮಸಿ, ಇನ್ನೊಂದಕ್ಕೆ ಒಂದು ಹನಿ ಡಿಶ್ ಸೋಪ್ ಬೆರೆಸಿದ ನೀರು. ಮಸಿಯ ಕುಂಚದ ತುದಿ ನೀರಿಗೆ ತಾಗಿದರೆ ಸಾಕು, ಒತ್ತಬಾರದು. ಮಸಿ ದುಂಡಗೆ ಹರಡುತ್ತದೆ. ಅದರ ನಡುವೆ ಎರಡನೆಯ ಕುಂಚ ತಾಗಿಸಿದರೆ ಮಸಿ ಬಳೆಯಾಗಿ ಹೊರಗೆ ಸರಿಯುತ್ತದೆ. ಮತ್ತೆ ನಡುವೆ ಮಸಿ, ಮತ್ತೆ ಸೋಪಿನ ನೀರು. ಸಾಕೆನಿಸಿದಾಗ ಮೆಲ್ಲಗೆ ಊದಿ. ಹಾಳೆಯನ್ನು ಒಂದು ಅಂಚಿನಿಂದ ನೀರಿನ ಮೇಲೆ ಇಳಿಸಿ, ಎತ್ತಿ. ಒಂದು ಸಲಕ್ಕೆ ಒಂದೇ ಹಾಳೆ. ಅದೇ ಚಿತ್ರ ಇನ್ನೊಮ್ಮೆ ಬರುವುದಿಲ್ಲ.

ಇದನ್ನು ಪ್ರತಿಭಾ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಕನ್ನಡದಲ್ಲಿ ಕಾಗದ ಬರೆದು ಹದಿನೈದು ವರ್ಷ ಆಗಿರಬೇಕು. ತಪ್ಪಿದ್ದರೆ ಕ್ಷಮಿಸಿ.

ಅಕ್ಷಯಾ

*

ಏಪೆಕ್ಸ್
19 ಏಪ್ರಿಲ್ 2022

ಚಿ. ಅಕ್ಷಯಾಳಿಗೆ ಆಶೀರ್ವಾದಗಳು.

ತಪ್ಪುಗಳಿದ್ದವು. ಕೆಂಪು ಪೆನ್ನು ಹಿಡಿಯಲಿಲ್ಲ.

ಹನ್ನೊಂದು ಹಾಳೆ ಹಾಳು ಮಾಡಿದೆ. ಮೊದಲ ದಿನ ಮಸಿ ತೇಲುವುದನ್ನು ಬಿಟ್ಟು ಬುಡಕ್ಕೆ ಇಳಿಯಿತು. ಕುಂಚ ಒತ್ತುವುದು ನನ್ನ ಕೈಯ ಹಳೆಯ ಚಟ. ಎರಡನೆಯ ದಿನ ಸೋಪು ಹೆಚ್ಚಾಗಿ ಮಸಿಯೆಲ್ಲ ಅಂಚಿಗೆ ಓಡಿಹೋಗಿ ಅಲ್ಲೇ ನಿಂತಿತು. ಆಮೇಲೆ ಸೋಪು ಬಿಟ್ಟು, ಕುಂಚದ ತುದಿಯನ್ನು ನನ್ನ ಬೈತಲೆಗೆ ಒರೆಸಿಕೊಂಡು ನೋಡಿದೆ. ಕೊಬ್ಬರಿ ಎಣ್ಣೆಯ ಜಿಡ್ಡು ಅಷ್ಟಿಷ್ಟು ಅಂಟಿರಬೇಕು. ಹದವಾಗಿ ಬಳೆ ಬಿಟ್ಟಿತು! ನಿನ್ನ ಜಪಾನಿನವರಿಗೆ ಇದು ಗೊತ್ತೋ ಇಲ್ಲವೋ. ಕೌಂಟರ್ ಮೇಲೆ ಇಟ್ಟರೆ ಡಿಶ್‌ವಾಷರಿನ ನಡುಕ ನೀರಿಗೆ ಬರುತ್ತದೆ, ಅದಕ್ಕೆ ನೆಲದ ಮೇಲೆ ಚಾಪೆ ಹಾಸಿ ಕೂರುತ್ತೇನೆ. ಮೂಗಿನ ಉಸಿರಿಗೂ ಮಸಿ ಸರಿಯುತ್ತದೆ. ಉಸಿರಿನ ಮೇಲೆ ಇಷ್ಟು ಗಮನ ಇಟ್ಟು ಕೂತದ್ದು ನನ್ನ ಜನ್ಮದಲ್ಲಿ ಇದೇ ಮೊದಲು.

ಕಲ್ಮೇಶ ಚೆನ್ನಾಗಿದ್ದಾನೆ. ಮನೆಯಿಂದಲೇ ಕೆಲಸ, ದಿನವಿಡೀ ಮಹಡಿಯಲ್ಲಿ. ನನ್ನ ಚಿತ್ರ ನೋಡಿ “ಅವ್ವಾ, ಛಲೋ ಬಂದೈತಿ” ಅಂದ. ನೆಲ ತಣ್ಣಗಿದೆ, ಸ್ವೆಟರ್ ಹಾಕ್ಕೋ ಅಂತ ಗದರಿದ. ಸಂಜೆ ಇಬ್ಬರೂ ಕೂತು ಗದಗಿನ ಮಾತು ಆಡುತ್ತೇವೆ.

ಹನ್ನೆರಡನೆಯ ಹಾಳೆ ಇದರೊಡನೆ ಇದೆ.

ಶಿವಕ್ಕ

*

ಆಶ್‌ಬರ್ನ್
30 ಮೇ 2022

ಅತ್ತೆಯವರಿಗೆ,

ನಿಮ್ಮ ಹಾಳೆಯನ್ನು ತುಂಬ ಹೊತ್ತು ನೋಡಿದೆ. ಕ್ಲಾಸಿನಲ್ಲಿ ನಮಗೆ ಮೂರು ತಿಂಗಳಿಗೂ ಅಷ್ಟು ಸಣ್ಣ ಗೆರೆ ಬರಲಿಲ್ಲ. ಹಳೆಯ ಕಾಲದಲ್ಲಿ ಅವರೂ ಮೈಯ ಜಿಡ್ಡನ್ನೇ ಬಳಸುತ್ತಿದ್ದರಂತೆ, ನಮ್ಮ ಟೀಚರ್ ಹೇಳಿದ್ದರು. ನಾನು ಮರೆತಿದ್ದೆ.

ಈ ಊರಿಗೆ ಬಂದಮೇಲೆ ನಾನು ಅದನ್ನು ಮುಟ್ಟಿರಲಿಲ್ಲ. ಹೋದ ವಾರ ಕ್ಯಾಸರೋಲ್ ಟ್ರೇಗೆ ನೀರು ಹಾಕಿ ಕೂತೆ. ಡೇಟಾ ಸೆಂಟರಿನಲ್ಲಿ ಹನ್ನೆರಡು ಗಂಟೆ ಫ್ಯಾನುಗಳ ಸದ್ದು ಕೇಳಿ ಬಂದ ಕಿವಿಗೆ ಅದು ಹಿತವಾಗಿತ್ತು. ಮಿಕ್ಕಂತೆ ನಾನು ಆರಾಮಾಗಿದ್ದೇನೆ. ವೀಕೆಂಡ್ ಬಂದರೆ ಮನೆ ತುಂಬ ಸ್ನೇಹಿತರು.

ಒಂದು ಮಾತು. ನಿಮ್ಮ ಮಗನ ಸುದ್ದಿ ದಯವಿಟ್ಟು ಬರೆಯಬೇಡಿ. ನೀವು ಯಾಕೆ ಕಾಗದ ಬರೆಯುತ್ತಿದ್ದೀರಿ ಅಂತ ನನಗೆ ಅರ್ಥವಾಗುತ್ತದೆ. ಈಗ ಅವರು ಬದಲಾಗಿದ್ದಾರೆ, ಮಾತಾಡುತ್ತಾರೆ, ವಾಪಸ್ ಬಾ ಅಂತ ಹೇಳೋಕೆ ತಾನೇ? ಡಿವೋರ್ಸ್ ಆಗಿದೆ ಅತ್ತೆ. ಮುಗಿದಿದೆ.

ಅಕ್ಷಯಾ

*

ಏಪೆಕ್ಸ್
11 ಜೂನ್ 2022

ಚಿ. ಅಕ್ಷಯಾಳಿಗೆ ಆಶೀರ್ವಾದಗಳು.

ನಿನ್ನನ್ನು ವಾಪಸ್ ಕರೆಯಲು ಬರೆಯುತ್ತಿಲ್ಲ. ಆಣೆ ಮಾಡಿ ಹೇಳುತ್ತೇನೆ.

ಕೇಳಬೇಕೆಂದು ಒಂದು ವರ್ಷದಿಂದ ನುಂಗಿಕೊಂಡ ಮಾತೊಂದಿದೆ. 2021ರ ಸಂಕ್ರಾಂತಿಯ ದಿನ ನೀನು ಮಾದಲಿ ಮಾಡಿದ್ದೆ. ನಾನು ಬಾಯಿಗೆ ಹಾಕಿಕೊಂಡು, “ಮೂವತ್ನಾಕು ಆತು ನಿನಗ. ಮನ್ಯಾಗ ಒಂದು ಕೂಸು ಆಡಿದ್ರ ಹಬ್ಬ ಹಬ್ಬ ಅನಸ್ತಿತ್ತು” ಅಂದೆ. ನೀನು ಒಲೆಯ ಕಡೆ ತಿರುಗಿಕೊಂಡೆ. ಎರಡು ತಿಂಗಳಿಗೆ ಮನೆ ಬಿಟ್ಟೆ. ಸಿಹಿಯನ್ನು ಬಾಯಲ್ಲಿಟ್ಟುಕೊಂಡು ನಾನು ಆಡಿದ ಮಾತಿಗೆ ಒಂದು ಸಂಸಾರ ಮುರಿಯಿತೇ? ಹೌದಾದರೆ ಹೌದೆಂದು ಬರೆ. ತಟ್ಟೆಯ ಮುಂದೆ ಕೂತಾಗಲೆಲ್ಲ ಅದೇ ನೆನಪಾಗುತ್ತದೆ.

ಕಲ್ಮೇಶನ ಸುದ್ದಿ ಬೇಡವೆಂದೆ. ಬರೆಯುವುದಿಲ್ಲ. ಆದರೆ ಅವನು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾನೆ, ಅಷ್ಟು ತಿಳಿದಿರಲಿ.

ಶಿವಕ್ಕ

*

ಆಶ್‌ಬರ್ನ್
3 ಜುಲೈ 2022

ಅತ್ತೆಯವರಿಗೆ,

ಇಲ್ಲ. ಆ ಮಾತು ನನಗೆ ನೆನಪೂ ಇರಲಿಲ್ಲ.

ನಿಜ ಬೇಕೆಂದರೆ ಕೇಳಿ. ಏಪ್ರಿಲ್ 2020ರಲ್ಲಿ ಒಂದು ದಿನ ನಿಮ್ಮ ಮಗ ನನ್ನ ಜೊತೆ ಮಾತು ನಿಲ್ಲಿಸಿದರು. ಯಾವುದಕ್ಕೆ ಬೇಜಾರಾಯಿತೋ ಇವತ್ತಿಗೂ ಗೊತ್ತಿಲ್ಲ. ಬೈಯಲಿಲ್ಲ, ಕೈ ಎತ್ತಲಿಲ್ಲ. ಹನ್ನೊಂದು ತಿಂಗಳು ಒಂದೇ ಮನೆ, ಒಂದೇ ಹಾಸಿಗೆ, ಲಾಕ್‌ಡೌನ್ ಬೇರೆ, ಎಲ್ಲೂ ಹೋಗುವ ಹಾಗಿಲ್ಲ. ಮಹಡಿಯಿಂದ ಟೆಕ್ಸ್ಟ್ ಬರುತ್ತಿತ್ತು. ಹಾಲು ಮುಗಿದಿದೆ. ಇವತ್ತು ಟ್ರ್ಯಾಶ್ ಡೇ, ಕಸ ಹೊರಗಿಡು. ನಾನು ಅಳುತ್ತಾ ಎದುರಿಗೆ ನಿಂತು ಕೂಗಿದೆ. ಕಾಲು ಹಿಡಿದೆ. ಅವರು ಹೆಡ್‌ಫೋನ್ ಹಾಕಿಕೊಂಡರು. ಸುಮಿನಾಗಾಶಿ ಕಲಿತದ್ದು ಆಗಲೇ. ನಾನು ಮುಟ್ಟಿದರೆ ತಿರುಗಿ ಏನಾದರೂ ಆಗುತ್ತಿದ್ದದ್ದು ಆ ಮನೆಯಲ್ಲಿ ಆ ನೀರೊಂದೇ.

ನೀವು ಅದೇ ಮನೆಯಲ್ಲಿ ಇದ್ದಿರಿ. ನಿಮಗೆ ಕಾಣುತ್ತಿತ್ತು. ಒಂದು ದಿನ ಅಡುಗೆಮನೆಯಲ್ಲಿ ನಾನು, “ಅತ್ತೆ, ಅವರು ಯಾಕೆ ಮಾತಾಡಲ್ಲ ಅಂತ ಒಂದ್ಸಲ ನೀವೇ ಕೇಳ್ತೀರಾ?” ಅಂದೆ. ನೀವು ಸೊಪ್ಪು ಬಿಡಿಸುತ್ತಾ, “ಅವರಪ್ಪನೂ ಹಿಂಗ ಇದ್ರು. ರೂಢಿ ಆಕ್ಕೈತಿ, ತಂಗಿ” ಅಂದಿರಿ.

ಮನೆ ಬಿಡಬೇಕು ಅಂತ ನಾನು ತೀರ್ಮಾನ ಮಾಡಿದ್ದು ಅವತ್ತು. ರೂಢಿ ಆಗಿಬಿಡುತ್ತೇನೋ ಅಂತ ಹೆದರಿಕೆಯಾಯಿತು.

ಅಕ್ಷಯಾ

*

ಆಶ್‌ಬರ್ನ್
20 ಸೆಪ್ಟೆಂಬರ್ 2022

ಅತ್ತೆಯವರಿಗೆ,

ಎರಡೂವರೆ ತಿಂಗಳಾಯಿತು, ನಿಮ್ಮಿಂದ ಕಾಗದವಿಲ್ಲ. ನಾನು ಬರೆದದ್ದು ಸುಳ್ಳಲ್ಲ. ಆದರೆ ಅಷ್ಟು ಒರಟಾಗಿ ಬರೆಯಬಾರದಿತ್ತು. ನಿಮಗೆ ನೋವಾಗಿದ್ದರೆ ಹಾಗೆಂದು ಒಂದು ಸಾಲು ಹಾಕಿ.

ಅಕ್ಷಯಾ

*

ಆಶ್‌ಬರ್ನ್
12 ಡಿಸೆಂಬರ್ 2022

ಅತ್ತೆಯವರಿಗೆ,

ನಿಮಗೆ ಕೋಪ ಬಂದಿದೆ ಎಂದು ಅರ್ಥಮಾಡಿಕೊಂಡಿದ್ದೇನೆ. ಎಷ್ಟಾದರೂ ಮಗ. ಹಾಳೆ ಮುಗಿದಿರಬಹುದು ಅಂತ ಎರಡು ಕಟ್ಟು ಕಳಿಸುತ್ತಿದ್ದೇನೆ. ಉತ್ತರ ಬರೆಯಲೇಬೇಕು ಅಂತೇನಿಲ್ಲ.

ಅಕ್ಷಯಾ

*

ಏಪೆಕ್ಸ್
9 ಜನವರಿ 2023

ಚಿ. ಅಕ್ಷಯಾಳಿಗೆ ಆಶೀರ್ವಾದಗಳು.

ಕೋಪವಲ್ಲ ತಾಯಿ. ಆರು ತಿಂಗಳು ಏನು ಬರೆಯಬೇಕೋ ತಿಳಿಯಲಿಲ್ಲ. ನಾನು ಈವರೆಗೆ ನಿನಗೆ ಬರೆದದ್ದರಲ್ಲಿ ಅರ್ಧ ಸುಳ್ಳು.

ಗರಾಜ್ ಖಾಲಿ ಮಾಡಬೇಕೆಂದು ಕಲ್ಮೇಶ ಹೇಳಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಒಂದು ಹಳದಿ ಚೀಟಿ ಅಂಟಿಸಿದ್ದ. “ಛಲೋ ಬಂದೈತಿ” ಅವನು ಅಂದದ್ದಲ್ಲ. ಸ್ವೆಟರ್ ಹಾಕ್ಕೋ ಅಂದದ್ದು ಪ್ರತಿಭಾ. ನೀನು ಹೋದಮೇಲೆ ಅವನ ಮಾತು ನನ್ನ ಜೊತೆಗೂ ಕಡಿಮೆಯಾಗುತ್ತ ಬಂತು. ಊಟಕ್ಕೆ ಕರೆದರೆ ಬರುತ್ತಾನೆ, ತಟ್ಟೆ ಎತ್ತಿಕೊಂಡು ಮೇಲೆ ಹೋಗುತ್ತಾನೆ. ಮಗ ಹೀಗಿದ್ದಾನೆಂದು ಬರೆಯಲು ನಾಚಿಕೆಯಾಯಿತು. ಅವನು ಆಡಬೇಕಾಗಿದ್ದ ಮಾತನ್ನು ನಾನೇ ಆಡಿ, ಬರೆದು ಕಳಿಸಿದೆ. ಬರೆಯುವಾಗ ಒಂದು ಗಳಿಗೆ ಖುಷಿಯೂ ಆಗುತ್ತಿತ್ತು. ಏನು ಹೇಳಲಿ.

ನಿನ್ನ ಜುಲೈ ತಿಂಗಳ ಕಾಗದವನ್ನು ಪ್ರತಿಭಾಳ ಮನೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಮನೆಗೆ ಬಂದು, ಮೊದಲ ಸಲ ಮಹಡಿ ಹತ್ತಿ, ಅವನ ಬಾಗಿಲು ತಟ್ಟಿದೆ. “ಕಲ್ಮೇಶ, ಆಕಿ ಜೋಡಿ ಯಾಕ ಮಾತು ಬಿಟ್ಟಿ?” ಅಂದೆ. ನನ್ನನ್ನು ನೋಡಿದ. ತುಟಿ ಅಲುಗಿತು. ಏನೋ ಹೇಳುತ್ತಾನೆಂದು ಬಾಗಿಲ ಚೌಕಟ್ಟು ಹಿಡಿದು ನಿಂತೆ, ಕಾಲು ಸೋಲುವವರೆಗೆ ನಿಂತೆ. ಅವನು ಸ್ಕ್ರೀನಿನ ಕಡೆ ತಿರುಗಿದ. ಅಂದಿನಿಂದ ಇಂದಿನವರೆಗೆ ನನಗೆ ಒಂದು ‘ಹ್ಞೂ’ ಕೂಡ ಇಲ್ಲ.

ಅವರಪ್ಪ ಬಸಲಿಂಗಪ್ಪನವರು ಹೀಗೆಯೇ ಇದ್ದರು. ಒಮ್ಮೆ ಎರಡು ವರ್ಷ ನನ್ನೊಡನೆ ಮಾತಾಡಲಿಲ್ಲ. “ನಿಮ್ಮಪ್ಪಗ ಹೇಳು ಊಟಕ್ಕ ಬಾ ಅಂತ” ಎಂದು ಏಳು ವರ್ಷದ ಕಲ್ಮೇಶನ ಕೈಲಿ ಹೇಳಿಸುತ್ತಿದ್ದೆ. ಮಗು ಅಲ್ಲಿಂದಿಲ್ಲಿಗೆ ಓಡಾಡುತ್ತಿತ್ತು. ಮಾತು ಬಿಡುವುದನ್ನು ಅದಕ್ಕೆ ಯಾರೂ ಬೇರೆ ಕಲಿಸಬೇಕಾಗಿರಲಿಲ್ಲ. ನಿನಗೆ ಆಗುತ್ತಿದ್ದದ್ದು ನನಗೆ ಮೊದಲ ವಾರವೇ ಗೊತ್ತಾಗಿತ್ತು, ಅಕ್ಷಯಾ. ನಾನು ಸಹಿಸಿದ್ದನ್ನು ನೀನೂ ಸಹಿಸಲಿ ಎಂದುಕೊಂಡೆನೋ ಏನೋ. ಅದನ್ನು ಒಪ್ಪಿಕೊಳ್ಳುವ ಬದಲು, ಸಂಕ್ರಾಂತಿಯ ಮಾತೊಂದನ್ನು ಹಿಡಿದು ಒಂದು ವರ್ಷ ಕಣ್ಣೀರು ಹಾಕಿದೆ.

ನಾನು ಊರಿಗೆ ಹೊರಟಿದ್ದೇನೆ. ಹುಬ್ಬಳ್ಳಿಯಲ್ಲಿ ತಂಗಿ ಬಸವ್ವನ ಜೊತೆ ಇರುತ್ತೇನೆ. ಅವಳು ಬಾಯಿ ಮುಚ್ಚುವವಳಲ್ಲ. ನಾನೂ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಮರುದಿನ ಅಲ್ಲೇ ಟಿಕೆಟ್ ಇತ್ತು. ಮಾರ್ಚ್ ನಾಲ್ಕು, ಡಲಸ್ ವಿಮಾನ ನಿಲ್ದಾಣದಿಂದ. ಇಲ್ಲಿಂದ ಐದು ಗಂಟೆಯ ದಾರಿ, ಅವನೇ ಡ್ರೈವ್ ಮಾಡಿ ಬಿಡುತ್ತಾನಂತೆ. ಅದನ್ನೂ ಟಿಕೆಟ್ಟಿನ ಮೇಲೆಯೇ ಬರೆದಿದ್ದ.

ಶಿವಕ್ಕ

*

ಆಶ್‌ಬರ್ನ್
22 ಜನವರಿ 2023

ಅತ್ತೆ,

ಡಲಸ್ ನನ್ನ ಮನೆಯಿಂದ ಹದಿನೈದು ನಿಮಿಷ. ನೀವು ಹುಬ್ಬಳ್ಳಿಗೆ ಯಾಕೆ ಹೋಗಬೇಕು? ನನ್ನ ಹತ್ತಿರ ಬನ್ನಿ. ನಾನೂ ನಿಮಗೆ ಸುಳ್ಳು ಬರೆದಿದ್ದೇನೆ. ವೀಕೆಂಡಿಗೆ ಯಾರೂ ಬರುವುದಿಲ್ಲ. ಮೂರು ಬೆಡ್‌ರೂಮಿನ ಟೌನ್‌ಹೌಸಿನಲ್ಲಿ ನಾನೊಬ್ಬಳೇ. ಕೆಲವು ಭಾನುವಾರ ನನ್ನ ದನಿ ನನಗೆ ಕೇಳುವುದು ಸ್ಪೀಕರಿಗೆ ಟೈಮರ್ ಹಾಕು ಅಂತ ಹೇಳುವಾಗ ಮಾತ್ರ.

ಬರುತ್ತೀರಾ?

ಅಕ್ಷಯಾ

*

ಏಪೆಕ್ಸ್
8 ಫೆಬ್ರವರಿ 2023

ಚಿ. ಅಕ್ಷಯಾಳಿಗೆ ಆಶೀರ್ವಾದಗಳು.

ಕಾಗದವನ್ನು ಮೂರು ದಿನ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದೆ. ಬರಬೇಕೆಂಬ ಆಸೆ ಎಷ್ಟಾಯಿತೆಂದು ಬರೆಯಲಾರೆ. ಆದರೆ ಬರುವುದಿಲ್ಲ. ಆ ಮನೆಯನ್ನು ನೀನು ಕಷ್ಟಪಟ್ಟು ಬಿಟ್ಟು ಬಂದವಳು. ಅದರ ಅರ್ಧವನ್ನು ನಿನ್ನ ಮನೆಯಲ್ಲಿ ತಂದು ಕೂರಿಸಿಕೊಳ್ಳಬೇಡ. ನಾನು ದಿನವೂ ಎದುರಿಗಿದ್ದರೆ ನಿನಗೆ ಆ ಅಡುಗೆಮನೆ ಮರೆಯಲು ಆಗುವುದಿಲ್ಲ.

ನಾಲ್ಕನೆಯ ತಾರೀಕು ಮಧ್ಯಾಹ್ನ ಒಂದು ಗಂಟೆಗೆ ಏರ್‌ಪೋರ್ಟಿನಲ್ಲಿ ಇರುತ್ತೇನೆ. ಕಲ್ಮೇಶನೂ ಇರುತ್ತಾನೆ. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಬಂದರೆ ಒಮ್ಮೆ ಮುಖ ನೋಡಿದ ಹಾಗಾಗುತ್ತದೆ.

ಶಿವಕ್ಕ

*

ಆಶ್‌ಬರ್ನ್
12 ಮಾರ್ಚ್ 2023

ಅತ್ತೆ,

ಸುಖವಾಗಿ ತಲುಪಿದಿರಿ ಅಂತ ಪ್ರತಿಭಾ ಹೇಳಿದಳು. ನೀವು ಸೆಕ್ಯೂರಿಟಿ ಒಳಗೆ ಹೋದಮೇಲೆ ನಡೆದದ್ದನ್ನು ನಿಮಗೆ ಬರೆಯಬೇಕು.

ಮೂವರೂ ಕಾಫಿ ಕುಡಿಯುವಾಗ ನೀವು ಬಸವ್ವನವರ ಮೊಣಕಾಲಿನ ಕಥೆ ಹೇಳಿದಿರಿ. ನಿಮ್ಮ ಮಗ ಕಾಫಿಯ ಕಪ್ ನೋಡುತ್ತ ಕೂತಿದ್ದರು. ನೀವು ಒಳಗೆ ಹೋಗಿ, ತಿರುಗಿ ನೋಡಿ ಕೈಯೆತ್ತಿದಿರಲ್ಲ, ಆಮೇಲೂ ಅವರು ಕದಲಲಿಲ್ಲ. ನಾನು ಕಾರ್ ಕೀ ತೆಗೆದುಕೊಂಡೆ. ಆಗ ಹಿಂದಿನಿಂದ ದನಿ ಬಂತು.

“ಅವ್ವ ನಿನಗ ಪತ್ರ ಬರೀತಿದ್ಲಂತ. ಪ್ರತಿಭಾ ಅಂದ್ಲು. ನನ್ನ ಬಗ್ಗೆ ಏನು ಬರೀತಿದ್ಲು?”

ಮೂರು ವರ್ಷದಲ್ಲಿ ಅವರು ಬಾಯಿ ಬಿಟ್ಟು ನನಗೆ ಹೇಳಿದ ಮೊದಲ ಮಾತು. ಕೋರ್ಟಿನಲ್ಲಿ ಕೂಡ ಲಾಯರೇ ಮಾತಾಡಿದ್ದು.

“ನೀವು ಅವರ ಚಿತ್ರ ನೋಡಿ ಚೆನ್ನಾಗಿದೆ ಅಂದ್ರಿ, ನೆಲ ತಣ್ಣಗಿದೆ ಸ್ವೆಟರ್ ಹಾಕ್ಕೋ ಅಂದ್ರಿ, ಸಂಜೆ ಕೂತ್ಕೊಂಡು ಗದಗಿನ ಮಾತು ಆಡ್ತೀರಿ ಅಂತ ಬರೀತಿದ್ರು,” ಅಂದೆ.

“ನಾ ಹಂಗೇನೂ ಅಂದಿಲ್ಲ.”

“ಗೊತ್ತು.”

ಅವರು ನಿಮ್ಮ ಲಗೇಜಿನ ಖಾಲಿ ಗಾಡಿಯನ್ನು ಹಿಡಿದುಕೊಂಡೇ ಇದ್ದರು. ಯಾರೋ ಬಂದು ಅದು ಬೇಕಾ ಅಂತ ಕೇಳಿದರು, ಕೊಡಲಿಲ್ಲ. ಬಹಳ ಹೊತ್ತಾದಮೇಲೆ, “ಒಮ್ಮೆ ಬಿಟ್ರ ಮತ್ತ ಎಲ್ಲಿಂದ ಶುರು ಮಾಡಬೇಕು ತಿಳಿಯಂಗಿಲ್ಲ ನನಗ. ನಾಳಿ ಮಾತಾಡೂಣು, ನಾಳಿ ಮಾತಾಡೂಣು ಅಂತನ...” ಅಂದರು.

ನನಗೆ ಕರುಣೆ ಬಂತು ಅಂದುಕೊಳ್ಳಬೇಡಿ ಅತ್ತೆ. ಸಿಟ್ಟು ಬಂತು. ಇಷ್ಟೇನಾ? ಇಷ್ಟಕ್ಕೇ ಹನ್ನೊಂದು ತಿಂಗಳಾ? “ಇದನ್ನ ನನಗೆ ಹೇಳಿ ಪ್ರಯೋಜನ ಇಲ್ಲ. ಅವರಿಗೆ ಹೇಳಿ,” ಅಂದು ಹೊರಟುಬಿಟ್ಟೆ.

ಪಾರ್ಕಿಂಗಿನಲ್ಲಿ ಅವರ ಕಾರು ನನ್ನ ಕಾರಿಗಿಂತ ಎರಡು ಸಾಲು ಮುಂದಿತ್ತು. ಸ್ವಲ್ಪ ಹೊತ್ತಿಗೆ ಅವರೂ ಬಂದು ಒಳಗೆ ಕೂತರು, ಸ್ಟಾರ್ಟ್ ಮಾಡಲಿಲ್ಲ. ಸ್ಟಿಯರಿಂಗ್ ಮೇಲೆ ತಲೆಯಿಟ್ಟಿದ್ದರು. ನಾನು ಹೋಗಿ ಗಾಜು ತಟ್ಟಲಿಲ್ಲ. ತಟ್ಟಬೇಕಾಗಿತ್ತಾ ಅಂತ ಒಂದು ವಾರದಿಂದ ಯೋಚಿಸುತ್ತಿದ್ದೇನೆ. ಇಲ್ಲ ಅಂತಲೇ ಅನ್ನಿಸುತ್ತದೆ.

ಮನೆಗೆ ಬಂದು ತಟ್ಟೆಗೆ ನೀರು ಹಾಕಿ ಕೂತೆ. ಅಲುಗಾಟ ನಿಲ್ಲುವವರೆಗೆ ಕಾದೆ. ಮಸಿ ಹಾಕುವ ಮನಸ್ಸಾಗಲಿಲ್ಲ. ಬರೀ ನೀರು ನೋಡುತ್ತ ಕೂತಿದ್ದೆ.

ಅಕ್ಷಯಾ

*

ಹುಬ್ಬಳ್ಳಿ
24 ಏಪ್ರಿಲ್ 2023

ಚಿ. ಅಕ್ಷಯಾಳಿಗೆ ಆಶೀರ್ವಾದಗಳು.

ಕಲ್ಮೇಶ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಮೊದಲ ವಾರ “ಹಲೋ” ಅಂದೆ, ಅವನೂ “ಹಲೋ” ಅಂದ. ಆಮೇಲೆ ಇಬ್ಬರೂ ಸುಮ್ಮನೆ. ಅವನ ಮಾತನ್ನೂ ನಾನೇ ಆಡಿ ಮುಗಿಸಬಾರದೆಂದು ಈ ಸಲ ಹಟ ಹಿಡಿದೆ. ಆ ಕಡೆ ಅವನ ಉಸಿರು ಕೇಳುತ್ತಿತ್ತು. ಹತ್ತು ನಿಮಿಷಕ್ಕೆ “ಇಡ್ಲ್ಯಾ?” ಅಂದ, ಫೋನ್ ಇಟ್ಟ. ಹೀಗೆ ಐದು ವಾರ. ಬಸವ್ವ, “ಇದೇನ ಹುಚ್ಚು ನಿಮ್ದು, ದುಡ್ಡು ದಂಡ” ಎಂದು ನಕ್ಕಳು.

ನಿನ್ನೆ ಕೇಳಿದ: “ಅವ್ವಾ, ರೊಟ್ಟಿ ಹಿಟ್ಟಿಗೆ ಬಿಸಿನೀರು ಹಾಕಬೇಕೋ, ತಣ್ಣೀರೋ?”

“ಬಿಸಿನೀರಪ್ಪಾ, ಕುದಿಯೂದು,” ಅಂದೆ.

ಇದರಿಂದ ನಿನಗೆ ಏನೂ ಆಗಬೇಕಾದ್ದಿಲ್ಲ. ಆ ಮಾತು ನಿನಗೆ ಬರಬೇಕಾಗಿದ್ದ ಕಾಲದಲ್ಲಿ ಬರಲಿಲ್ಲ. ಬರುವಂತೆ ಮಾಡಬಹುದಾಗಿದ್ದವಳು ಸೊಪ್ಪು ಬಿಡಿಸುತ್ತ ಕೂತಿದ್ದಳು. ಅದನ್ನು ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಕಾಗದ ಮಾತ್ರ ನಿಲ್ಲಿಸಬೇಡ.

ಇವತ್ತು ಏನು ಅಡುಗೆ ಮಾಡಿದೆ, ಯಾರ ಜೊತೆ ಉಂಡೆ ಎಂದು ಬರೆ. ಒಬ್ಬಳೇ ಉಂಡಿದ್ದರೆ ಹಾಗೆಯೇ ಬರೆ.

ಶಿವಕ್ಕ